ನಟ ಮೊದಲೋ, ಗಲ್ಲಾ ಮೊದಲೋ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವವರು, ಮೂಲ ಕುಂದಾಪುರದ ಕಡೆ. ಯಜಮಾನರು ರೈಲ್ವೆಯಲ್ಲಿದ್ದು ನಿವೃತ್ತರಾದರು. ಮಗನಿಗೆ 26 ವರ್ಷ, ಹಿಂದಿ ಸೀರಿಯಲ್‌ಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಾನೆ. ಈಗ ಅಂಧೇರಿಯಲ್ಲಿ ಗೆಳೆಯನ ಕೆಫೆಗೆ 15 ಲಕ್ಷ ಹಾಕಿ ಪಾರ್ಟ್ನರ್ ಆಗುತ್ತಾನಂತೆ. ಬೇಡ ಅಂದರೆ, "ಸುನಿಲ್ ಶೆಟ್ಟಿ ನೋಡಮ್ಮ, ಆ್ಯಕ್ಟಿಂಗ್ ಮಾಡಿ ಆಮೇಲೆ ಬಿಸಿನೆಸ್‌ಗೆ ಇಳಿದಿಲ್ವಾ" ಅನ್ನುತ್ತಾನೆ. ಅವರ ಕಥೆ ನಿಜಕ್ಕೂ ಏನು? ಇವನಿಗೆ ಏನು ಹೇಳಲಿ?

ಉತ್ತರ: ಅಮ್ಮಾ, ನಿಮ್ಮ ಮಗ ಒಳ್ಳೆಯ ಉದಾಹರಣೆಯನ್ನೇ ಹಿಡಿದಿದ್ದಾನೆ. ಆದರೆ ಕಥೆಯನ್ನು ಬಾಲದ ಕಡೆಯಿಂದ ಓದಿದ್ದಾನೆ.

ಸುನಿಲ್ ಶೆಟ್ಟಿ ಹುಟ್ಟಿದ್ದು 1961ರಲ್ಲಿ, ಮೂಲ್ಕಿಯ ಬಂಟರ ಮನೆತನ. ತಂದೆ ವೀರಪ್ಪ ಶೆಟ್ಟರು ಚಿಕ್ಕ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದವರು. ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಅಕ್ಕಿ ಮೂಟೆಯ ಮೇಲೆ ಮಲಗುತ್ತಿದ್ದರೆಂದು ಮಗನೇ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅಲ್ಲಿಂದ ಮ್ಯಾನೇಜರ್ ಆಗಿ, ಕೊನೆಗೆ ಕೆಲಸ ಮಾಡಿದ ಕಟ್ಟಡಗಳನ್ನೇ ಕೊಂಡರು. 2013ರಲ್ಲಿ ಸುನಿಲ್ ಮತ್ತು ಪತ್ನಿ ಮಾನಾ ವರ್ಲಿಯಲ್ಲಿ ಗೃಹಾಲಂಕಾರದ ದೊಡ್ಡ ಮಳಿಗೆ ತೆರೆದರಲ್ಲ, ಅದು ಇರುವುದೂ ಅಪ್ಪ ಹಿಂದೆ ತಟ್ಟೆ ತೊಳೆದ ಜಾಗದಲ್ಲೇ. ವೀರಪ್ಪ ಶೆಟ್ಟರು ತೀರಿಕೊಂಡದ್ದು 2017ರಲ್ಲಿ. ಮುಂಬಯಿಯ ನಮ್ಮವರ ಎಷ್ಟೋ ಮನೆಗಳಲ್ಲಿ ಇಂಥ ಕಥೆ ಇದೆ. ಆ ಮನೆಗಳ ಮಗ ಹೀರೋ ಆಗಲಿಲ್ಲ, ಅಷ್ಟೇ.

ಮೊದಲ ಸಿನಿಮಾ 'ಬಲವಾನ್' ಬಂದದ್ದು 1992ರಲ್ಲಿ. ಆಗ ಅವರಿಗೆ 31. ಅಂದರೆ ಬಣ್ಣ ಹಚ್ಚುವ ಮೊದಲೇ ಮನೆಯಲ್ಲಿ ಹೋಟೆಲ್ ವ್ಯವಹಾರ ಇತ್ತು, ಕೆಳಗಿನಿಂದ ಕಲಿತ ಅಪ್ಪ ಇದ್ದರು. ಆಮೇಲೆ 'ಮೊಹ್ರಾ', 'ಬಾರ್ಡರ್', 2000ದಲ್ಲಿ 'ಹೇರಾ ಫೇರಿ'. ಅದೇ ವರ್ಷದ 'ಧಡ್ಕನ್' ಚಿತ್ರದ ಖಳ ಪಾತ್ರಕ್ಕೆ ಫಿಲ್ಮ್‌ಫೇರ್ ಬಂತು. 2019ರಲ್ಲಿ ಸುದೀಪ್ ಜೊತೆ ಕನ್ನಡದ 'ಪೈಲ್ವಾನ್'ನಲ್ಲೂ ನೀವು ನೋಡಿರುತ್ತೀರಿ. ನಡುವೆ ರೆಸ್ಟೋರೆಂಟು, ಪಾಪ್‌ಕಾರ್ನ್ ಹೆಸರಿನ ನಿರ್ಮಾಣ ಸಂಸ್ಥೆ, ಈಚೆಗೆ ಪುಣೆಯ ಫಿಟ್ನೆಸ್ ಕಂಪನಿ ಫಿಟ್ಟರ್‌ನಂಥ ಕಡೆ ಹೂಡಿಕೆ. ಒಂದು ವರ್ಷ ಸಿನಿಮಾ ಕೈಕೊಟ್ಟರೆ ಊಟಕ್ಕೇನು ಅನ್ನುವ ಚಿಂತೆ ಅವರಿಗೆ ಇರಲಿಲ್ಲ. ನಿಮ್ಮ ಮಗನಿಗೆ ಇದೆ.

ಸೀರಿಯಲ್ ದುಡ್ಡಿನ ಲೆಕ್ಕ ಗೊತ್ತಲ್ವಾ? ನನ್ನ ಮಾಟುಂಗಾದ ಆಫೀಸಿಗೆ ಹೋಟೆಲಿನವರೂ ಬರುತ್ತಾರೆ, ನಟರೂ ಬರುತ್ತಾರೆ. ನಟರ ಬಾಯಲ್ಲಿ ಒಂದೇ ಮಾತು: "ನಬ್ಬೇ ದಿನ್". ಇವತ್ತು ಮಾಡಿದ ಶೂಟಿಂಗ್‌ನ ದುಡ್ಡು 90 ದಿನದ ಮೇಲೆ, ಅದೂ ನೂರಕ್ಕೆ 10 ಟಿಡಿಎಸ್ (ದುಡ್ಡು ಕೊಡುವವರೇ ಮೊದಲು ಹಿಡಿಯುವ ತೆರಿಗೆ) ಮುರಿದುಕೊಂಡು. ವರ್ಷದ ಬಿಲ್ಲು 20 ಲಕ್ಷ ದಾಟಿದರೆ ಜಿಎಸ್‌ಟಿ ಬೇರೆ. ಒಂದು ಲಕ್ಷದ ಬಿಲ್ಲಿಗೆ 18,000 ಸೇರಿಸಿ ಕಳಿಸಿದನೆನ್ನಿ. ಆ 18,000ವನ್ನು ಸಾಮಾನ್ಯವಾಗಿ ಮುಂದಿನ ತಿಂಗಳ 20ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಬಿಲ್ಲಿನ ದುಡ್ಡು ಕೈಗೆ ಬಂದಿರುವುದಿಲ್ಲ, ಆದರೂ ಕಟ್ಟಬೇಕು.

ಇನ್ನು ಕೆಫೆ. ಹಾಲಿನವನು, ತರಕಾರಿಯವನು, ಗ್ಯಾಸ್, ಹುಡುಗರ ಸಂಬಳ, ಯಾರೂ 90 ದಿನ ಕಾಯುವವರಲ್ಲ. ತಿಂಗಳ ಒಂದನೇ ತಾರೀಕಿಗೆ ಬಾಡಿಗೆ. ಕೆಫೆಗೆ ದುಡ್ಡು ಕಡಿಮೆ ಬಿದ್ದ ತಿಂಗಳು ಪಾರ್ಟ್ನರ್ ಕಡೆ ನೋಡುತ್ತಾರೆ. ಆ ಪಾರ್ಟ್ನರ್ ತನ್ನ ಚೆಕ್ ಕಾಯುತ್ತಾ ಕೂತಿರುತ್ತಾನೆ. ಕಳೆದ ವರ್ಷ ಹೀಗೇ ಕೈಸುಟ್ಟುಕೊಂಡ ಹುಡುಗನೊಬ್ಬ ನನ್ನ ಮುಂದೆ ಒಂದು ನೋಟ್‌ಬುಕ್ ಇಟ್ಟ. ಗ್ರೈಂಡರ್, ಲೈಟು, ಗೋಡೆಯ ಚಿತ್ರ ಎಲ್ಲ ಬರೆದಿದ್ದ. ಹಾಲಿನ ಖರ್ಚು ಎಲ್ಲೂ ಇರಲಿಲ್ಲ. ಕಾಫಿ ಮಾರುವ ಅಂಗಡಿ ಸ್ವಾಮಿ!

ಮಗನಿಗೆ ಜಾಗದ ಕಾಗದ ಕೇಳಲು ಹೇಳಿ. ಮುಂಬಯಿಯಲ್ಲಿ ಎಷ್ಟೋ ಹೋಟೆಲುಗಳು 'ಕಂಡಕ್ಟಿಂಗ್' ಮೇಲೆ ನಡೆಯುತ್ತವೆ. ಲೈಸೆನ್ಸ್ ಒಬ್ಬರ ಹೆಸರಲ್ಲಿ, ನಡೆಸುವವರು ಇನ್ನೊಬ್ಬರು, ತಿಂಗಳಿಗೆ ಇಷ್ಟು ಅಂತ ಮಾಲೀಕರಿಗೆ. ಅದು ತಪ್ಪೇನಲ್ಲ, ಎಷ್ಟೋ ಜನ ಹಾಗೇ ಮೇಲೆ ಬಂದಿದ್ದಾರೆ. ಆದರೆ ಕರಾರು 11 ತಿಂಗಳಿನದ್ದಾಗಿದ್ದು, ಮಾಲೀಕ ಮುಂದುವರಿಸದಿದ್ದರೆ, ನಿಮ್ಮ 15 ಲಕ್ಷದ ಟೈಲ್ಸ್ ಅಲ್ಲೇ ಗೋಡೆಗೆ ಅಂಟಿಕೊಂಡಿರುತ್ತದೆ. ಎಷ್ಟು ವರ್ಷದ ಕರಾರು, ಡೆಪಾಸಿಟ್ ಎಷ್ಟು, ಅದು ಯಾರ ಹೆಸರಲ್ಲಿ? ಆಹಾರದ ಲೈಸೆನ್ಸ್, ಪಾಲಿಕೆಯ ಹೆಲ್ತ್ ಲೈಸೆನ್ಸ್ ಯಾರದ್ದು? ಗೆಳೆಯನಿಗೆ ಇದನ್ನು ಕೇಳಲು ನಾಚಿಕೆಯಾದರೆ ನನ್ನ ಹೆಸರು ಹೇಳಲಿ.

ಪಾರ್ಟ್ನರ್ ಅಂದರೆ ಯಾವ ಪಾರ್ಟ್ನರ್ ಅನ್ನುವುದೂ ಮುಖ್ಯ. ಸಾಮಾನ್ಯ ಪಾಲುದಾರಿಕೆ ಆದರೆ ಕೆಫೆಯ ಸಾಲಕ್ಕೆ ಇವನೂ ಪೂರ್ತಿ ಹೊಣೆ. ಹಾಕಿದ 15 ಲಕ್ಷ ಹೋಗಿ, ಮೇಲೆ ಡೊಂಬಿವಲಿ ಮನೆಯಲ್ಲಿ ಇವನ ಹೆಸರಿದ್ದರೆ ಅಲ್ಲಿಗೂ ಬರಬಹುದು. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ ಸಾಮಾನ್ಯವಾಗಿ ಹೂಡಿದಷ್ಟಕ್ಕೇ ನಿಲ್ಲುತ್ತದೆ, ಆದರೆ ಬ್ಯಾಂಕ್ ಸಾಲಕ್ಕೆ ವೈಯಕ್ತಿಕ ಗ್ಯಾರಂಟಿ ಅಂತ ಸಹಿ ಹಾಕಿದರೆ ಆ ರಕ್ಷಣೆ ಇಲ್ಲ. ಸಹಿ ಮಾಡುವ ಮೊದಲು ಕಾಗದವನ್ನು ಯಾರಾದರೂ ಸಿಎಗೆ ತೋರಿಸಲಿ.

ಇನ್ನೊಂದು. ಶೂಟಿಂಗ್ ಇಲ್ಲದ ಒಂದು ತಿಂಗಳು ಅದೇ ಕೆಫೆಯ ಗಲ್ಲಾದಲ್ಲಿ ಕೂರಲಿ. ಬೆಳಗ್ಗೆ ಹಾಲು ಇಳಿಸಿಕೊಳ್ಳುವುದರಿಂದ ರಾತ್ರಿ ನಗದು ಎಣಿಸುವ ತನಕ, ಸಂಬಳ ಇಲ್ಲದೆ. ಗೆಳೆಯ ಒಪ್ಪಬೇಕು. ಒಪ್ಪದಿದ್ದರೆ ಯಾಕೆ ಅಂತ ಕೇಳಿ, ನನಗೆ ಮತ್ತೆ ಬರೆಯಿರಿ.