ರೇಡಿಯೊ ತಯಾರಕರಿಗೆ ಸಿನಿಮಾ ಏಕೆ ಬೇಕಾಯಿತು?

ವಿದ್ಯುನ್ಮಾನ ಉಪಕರಣಗಳನ್ನೂ ಮನರಂಜನೆಯನ್ನೂ ಒಟ್ಟಿಗೆ ಮಾರುವ ಬಹುರಾಷ್ಟ್ರೀಯ ಸಂಸ್ಥೆಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸೋನಿಯನ್ನೇ ಕುರಿತಾಗಿದ್ದವು. ಆದ್ದರಿಂದ ಈ ಬಾರಿಯ ಅಂಕಣವನ್ನು ಆ ಒಂದು ಸಂಸ್ಥೆಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಟಿವಿಯನ್ನೂ ತಾನೇ ತಯಾರಿಸಿ, ಅದರಲ್ಲಿ ಬರುವ ಕಾರ್ಯಕ್ರಮವನ್ನೂ ತಾನೇ ತಯಾರಿಸಿ, ಕೊನೆಗೆ ಸರ್ಕಾರವನ್ನೇ ಕುಣಿಸುವ ಕಾಲ್ಪನಿಕ ದೈತ್ಯ ಕಂಪನಿಗಳನ್ನು ಇಂಗ್ಲಿಷ್ ಕಾದಂಬರಿ, ಸಿನಿಮಾಗಳಲ್ಲಿ ಕಾಣುತ್ತೇವೆ. ಅವಕ್ಕೆ ನಿಜಜೀವನದಲ್ಲಿ ಮಾದರಿ ಇದೆಯೇ?
— ಶಿವಮೊಗ್ಗದ ಓದುಗರು

ಉತ್ತರ: ಒಂದೊಂದು ಕಾಲ್ಪನಿಕ ಕಂಪನಿಗೂ ಒಂದೊಂದು ಮಾದರಿಯನ್ನು ಹುಡುಕಹೊರಡುವುದು ವ್ಯರ್ಥ ಪ್ರಯಾಸ. ಆದರೆ ಆ ಕಲ್ಪನೆಗೆ ನೀರೆರೆದ ಭಯ ಯಾವುದೆಂದು ಹೇಳಬಹುದು. 1989ರ ಸೆಪ್ಟೆಂಬರಿನಲ್ಲಿ ಜಪಾನಿನ ಸೋನಿ ಸಂಸ್ಥೆಯು ಹಾಲಿವುಡ್ಡಿನ ಹಳೆಯ ಚಿತ್ರಸಂಸ್ಥೆಗಳಲ್ಲೊಂದಾದ ಕೊಲಂಬಿಯಾ ಪಿಕ್ಚರ್ಸನ್ನು ಕೊಳ್ಳುವುದಾಗಿ ಪ್ರಕಟಿಸಿತು. ಮರುತಿಂಗಳೇ ಮಿತ್ಸುಬಿಷಿ ಎಸ್ಟೇಟ್ ಸಂಸ್ಥೆಯು ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರಿನ ಒಡೆತನದಲ್ಲಿ ದೊಡ್ಡ ಪಾಲನ್ನು ಪಡೆಯಿತು. ಕೊಲಂಬಿಯಾದ ಲಾಂಛನದಲ್ಲಿ ದೀವಟಿಗೆ ಹಿಡಿದು ನಿಲ್ಲುವ ಮಹಿಳೆಗೆ ಕಿಮೋನೊ ಉಡಿಸಿದ ಚಿತ್ರವನ್ನು ಮುಖಪುಟಕ್ಕೆ ಹಾಕಿದ ನ್ಯೂಸ್‌ವೀಕ್ ಪತ್ರಿಕೆ, ಜಪಾನು ಹಾಲಿವುಡ್ಡಿನ ಮೇಲೆ ದಾಳಿಯಿಟ್ಟಿದೆ ಎಂಬ ಅರ್ಥದ ಶೀರ್ಷಿಕೆ ಕೊಟ್ಟಿತು. ಡಾಲರು ಅಗ್ಗವಾಗಿ, ಯೆನ್ ಬೆಲೆ ಏರಿ, ಟೋಕಿಯೊದ ನೆಲದ ಬೆಲೆ ಮುಗಿಲು ಮುಟ್ಟಿದ್ದ ಆ ವರ್ಷಗಳಲ್ಲಿ, ಗೋಪುರದ ತುದಿಯಲ್ಲಿ ಕುಳಿತು ಜಗತ್ತನ್ನು ಆಳುವ ಜಪಾನಿ ಕಂಪನಿ ಅಮೆರಿಕದ ಕಥೆಗಾರರ ಕೈಗೆ ಸುಲಭವಾಗಿ ಸಿಕ್ಕಿತು.

ಕಥೆಗಾರರ ಎಣಿಕೆ ತಪ್ಪಿದ್ದು ಎಲ್ಲಿ ಎಂದರೆ, ಅವರ ಕಂಪನಿಗಳಲ್ಲಿ ಎಲ್ಲ ವಿಭಾಗಗಳೂ ಒಬ್ಬನೇ ಖಳನಾಯಕನ ಆಜ್ಞೆಯಂತೆ ನಡೆಯುತ್ತವೆ. ನಿಜವಾದ ಕಂಪನಿಯಲ್ಲಿ ಉಪಕರಣದ ವಿಭಾಗವೂ ಸಂಗೀತದ ವಿಭಾಗವೂ ಒಂದರ ಮಾತನ್ನು ಇನ್ನೊಂದು ಕೇಳುವುದೇ ಅಪರೂಪ. ವಾಸ್ತವದಲ್ಲಿ ಇರುವ ಒಂದು ಸಂಗತಿಯಂತೂ ಯಾವ ಕಾದಂಬರಿಕಾರನಿಗೂ ಹೊಳೆದಂತೆ ಕಾಣುವುದಿಲ್ಲ: ಟಿವಿ, ಹಾಡು, ಸಿನಿಮಾ ಮಾರುವ ಈ ಕಂಪನಿ 1979ರಲ್ಲೇ ಜಪಾನಿನಲ್ಲಿ ಜೀವವಿಮೆಯ ಕ್ಷೇತ್ರಕ್ಕೂ ಕಾಲಿಟ್ಟಿತ್ತು.

ಪ್ರಶ್ನೆ: ಸೋನಿ ಮೂಲತಃ ಅಮೆರಿಕದ ಕಂಪನಿಯೇ? ನಮ್ಮ ಮನೆಯಲ್ಲಿ ಈ ಬಗ್ಗೆ ವಾದ ನಡೆದಿದೆ.
— ಚಿತ್ರದುರ್ಗದ ಓದುಗರು

ಉತ್ತರ: ಅಲ್ಲ, ಜಪಾನಿನದು. ಮಹಾಯುದ್ಧದಲ್ಲಿ ಸುಟ್ಟುಹೋದ ಟೋಕಿಯೊದಲ್ಲಿ 1946ರ ಮೇ ತಿಂಗಳಿನಲ್ಲಿ ಮಸಾರು ಇಬುಕಾ ಎಂಬ ಎಂಜಿನಿಯರ್ ಮತ್ತು ಅಕಿಯೊ ಮೊರಿಟಾ ಎಂಬ ಭೌತವಿಜ್ಞಾನ ಪದವೀಧರ 1,90,000 ಯೆನ್ ಬಂಡವಾಳದಿಂದ ಇದನ್ನು ಬೇರೆ ಹೆಸರಿನಲ್ಲಿ ಆರಂಭಿಸಿದರು. ಈಗಿನ ಹೆಸರು ಬಂದದ್ದು 1958ರಲ್ಲಿ. ನಿಮ್ಮ ಮನೆಯವರಿಗೆ ಅಮೆರಿಕದ್ದೆಂದು ಅನ್ನಿಸಿದ್ದರೆ ಅದರಲ್ಲಿ ಮೊರಿಟಾ ಅವರ ಪಾತ್ರವೂ ಇದೆ. 1955ರಲ್ಲಿ ಬುಲೋವಾ ಎಂಬ ಅಮೆರಿಕದ ಗಡಿಯಾರ ಕಂಪನಿಯು ಒಂದು ಲಕ್ಷ ಟ್ರಾನ್ಸಿಸ್ಟರ್ ರೇಡಿಯೊಗಳಿಗೆ ಬೇಡಿಕೆ ಸಲ್ಲಿಸಿ, ತನ್ನ ಹೆಸರನ್ನೇ ಅವುಗಳ ಮೇಲೆ ಹಾಕಬೇಕೆಂದು ಕೇಳಿದಾಗ, ಇನ್ನೂ ಚಿಕ್ಕದಾಗಿದ್ದ ಕಂಪನಿಯ ಪರವಾಗಿ ಅವರು ಆ ವ್ಯಾಪಾರವನ್ನು ಬೇಡವೆಂದರು. ಬಳಿಕ ಕುಟುಂಬಸಮೇತ ನ್ಯೂಯಾರ್ಕಿನಲ್ಲೇ ನೆಲೆಸಿ, ಸ್ವಂತ ಹೆಸರಿನಲ್ಲೇ ಅಲ್ಲಿ ಮಾರುಕಟ್ಟೆಯನ್ನು ಕಟ್ಟಿದರು.

ಪ್ರಶ್ನೆ: ರೇಡಿಯೊ, ಟಿವಿ ಮಾಡಿಕೊಂಡು ಚೆನ್ನಾಗಿದ್ದ ಕಂಪನಿಗೆ ಸಿನಿಮಾ ಕೊಳ್ಳುವ ಹುಚ್ಚು ಏಕೆ ಹಿಡಿಯಿತು?
— ಧಾರವಾಡದ ನಿವೃತ್ತ ಅಧ್ಯಾಪಕರು

ಉತ್ತರ: ಆ ಹುಚ್ಚಿನ ಹಿಂದೆ ಒಂದು ಸೋಲೂ ಒಂದು ಗೆಲುವೂ ಇದ್ದವು.

ಸೋಲಿನ ಹೆಸರು ಬೀಟಾಮ್ಯಾಕ್ಸ್. ಮನೆಯಲ್ಲೇ ಟಿವಿ ಕಾರ್ಯಕ್ರಮವನ್ನು ಟೇಪಿನಲ್ಲಿ ಮುದ್ರಿಸಿಕೊಳ್ಳುವ ಈ ಯಂತ್ರವನ್ನು ಸೋನಿ 1975ರಲ್ಲಿ ಹೊರತಂದಿತು. ಅದರ ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಮೊದಲ ಯಂತ್ರಗಳ ಕ್ಯಾಸೆಟ್ಟಿನಲ್ಲಿ ಒಂದು ಗಂಟೆಯಷ್ಟೇ ಹಿಡಿಸುತ್ತಿದ್ದುದರಿಂದ ಒಂದು ಪೂರ್ತಿ ಸಿನಿಮಾಕ್ಕೆ ಅದು ಸಾಲುತ್ತಿರಲಿಲ್ಲ. ಮರುವರ್ಷ ಜೆವಿಸಿ ಕಂಪನಿ ತಂದ ವಿಎಚ್‌ಎಸ್ ಕ್ಯಾಸೆಟ್ಟು ಎರಡು ಗಂಟೆ ಓಡುತ್ತಿತ್ತು. ಮತ್ಸುಶಿತಾದಂಥ ದೊಡ್ಡ ತಯಾರಕರು ಅದರ ಬೆನ್ನಿಗೆ ನಿಂತರು. ಬಾಡಿಗೆ ಅಂಗಡಿಗಳು ಅದರಲ್ಲೇ ಸಿನಿಮಾ ತುಂಬಿಸಿಟ್ಟವು. ಇದರ ನಡುವೆ ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು ಟಿವಿ ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯೆಂದು 1976ರಲ್ಲಿ ಸೋನಿಯ ಮೇಲೆ ದಾವೆ ಹೂಡಿದವು. ಬಿಟ್ಟುಹೋದ ಕಾರ್ಯಕ್ರಮವನ್ನು ಆಮೇಲೆ ನೋಡಲೆಂದು ಮನೆಯಲ್ಲಿ ಮುದ್ರಿಸಿಕೊಳ್ಳುವುದು ತಪ್ಪಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1984ರ ಜನವರಿಯಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ಮೊಕದ್ದಮೆ ಗೆದ್ದ ಸೋನಿ ಮಾರುಕಟ್ಟೆಯಲ್ಲಿ ಸೋತು, 1988ರಲ್ಲಿ ತಾನೇ ವಿಎಚ್‌ಎಸ್ ಯಂತ್ರ ತಯಾರಿಸಲು ತೊಡಗಬೇಕಾಯಿತು. ನಮ್ಮಲ್ಲೊಂದು ಸಿನಿಮಾ ಸಂಸ್ಥೆ ಇದ್ದಿದ್ದರೆ ಅದರ ಚಿತ್ರಗಳನ್ನೆಲ್ಲ ಬೀಟಾದಲ್ಲೇ ಬಿಡುಗಡೆ ಮಾಡಿ ಗೆಲ್ಲಬಹುದಿತ್ತು ಎಂಬ ತೀರ್ಮಾನಕ್ಕೆ ಅದರ ಹಿರಿಯರು ಬಂದರು.

ಗೆಲುವು ಬಂದದ್ದು ಸಂಗೀತದಿಂದ. ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಜೊತೆ ಸಮಪಾಲಿನಲ್ಲಿ 1968ರಲ್ಲಿ ಜಪಾನಿನಲ್ಲಿ ಆರಂಭಿಸಿದ ಧ್ವನಿಮುದ್ರಿಕೆ ಕಂಪನಿ ಚೆನ್ನಾಗಿ ಬೆಳೆದಿತ್ತು. ಅದನ್ನು ಬೆಳೆಸಿದ ನೊರಿಯೊ ಓಗಾ ಅವರು ವೃತ್ತಿಶಿಕ್ಷಣದಿಂದ ಗಾಯಕರು, ಪಾಶ್ಚಾತ್ಯ ಅಪೆರಾ ಕಲಿತವರು. ವಿದ್ಯಾರ್ಥಿಯಾಗಿದ್ದಾಗ ಸೋನಿಯ ಟೇಪ್ ರೆಕಾರ್ಡರಿನ ದೋಷಗಳನ್ನು ಎತ್ತಿ ತೋರಿಸಿಯೇ ಕಂಪನಿಯವರ ಕಣ್ಣಿಗೆ ಬಿದ್ದಿದ್ದರು. ಫಿಲಿಪ್ಸ್ ಜೊತೆ ಸೇರಿ ರೂಪಿಸಿದ ಕಾಂಪ್ಯಾಕ್ಟ್ ಡಿಸ್ಕನ್ನು 1982ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ತಂದಾಗ, ಅದರಲ್ಲಿ ಕೇಳಲು ಹಾಡು ಒದಗಿಸಿದ್ದು ಇದೇ ಸಂಗೀತ ಕಂಪನಿ. ಯಂತ್ರ ಮತ್ತು ಹಾಡು ಒಂದೇ ಕೈಯಲ್ಲಿದ್ದರೆ ಹೊಸ ತಂತ್ರಜ್ಞಾನ ನೆಲೆಯೂರುತ್ತದೆ ಎಂಬ ನಂಬಿಕೆ ಇದರಿಂದ ಗಟ್ಟಿಯಾಯಿತು. 1988ರ ಜನವರಿಯಲ್ಲಿ 200 ಕೋಟಿ ಡಾಲರಿಗೆ ಇಡೀ ಸಿಬಿಎಸ್ ರೆಕಾರ್ಡ್ಸ್, ಮರುವರ್ಷ 340 ಕೋಟಿ ಡಾಲರಿಗೆ, ಸಾಲದ ಹೊರೆ ಬೇರೆ, ಕೊಲಂಬಿಯಾ. ಕೊಲಂಬಿಯಾದ ಹೆಚ್ಚುಕಡಿಮೆ ಅರ್ಧ ಪಾಲನ್ನು ಮಾರಿದವರು ಕೋಕಾ-ಕೋಲಾದವರು ಎಂಬುದು ಇಂದು ಕೇಳಲು ವಿಚಿತ್ರ.

ಸಿನಿಮಾ ಮಟ್ಟಿಗೆ ಕೊಟ್ಟ ಬೆಲೆ ದುಬಾರಿಯಾಯಿತು. ಹಾಲಿವುಡ್ಡಿನ ಲೆಕ್ಕಾಚಾರ ಅರಿಯದ ಟೋಕಿಯೊದವರು ಅಲ್ಲಿನ ಇಬ್ಬರು ನಿರ್ಮಾಪಕರಿಗೆ ಚುಕ್ಕಾಣಿ ಒಪ್ಪಿಸಿ ದೂರದಿಂದ ನೋಡುತ್ತ ಕುಳಿತರು. 1994ರಲ್ಲಿ ಸುಮಾರು 270 ಕೋಟಿ ಡಾಲರನ್ನು ಮುಳುಗಿದ ಮೌಲ್ಯವೆಂದು ಲೆಕ್ಕದಿಂದ ತೆಗೆದುಹಾಕಬೇಕಾಯಿತು. ಸೋನಿಯನ್ನು ನೋಡಿ 1990ರಲ್ಲಿ ಯೂನಿವರ್ಸಲ್ಲಿನ ಒಡೆಯ ಸಂಸ್ಥೆ ಎಂಸಿಎಯನ್ನು 600 ಕೋಟಿಗೂ ಹೆಚ್ಚು ಡಾಲರಿಗೆ ಕೊಂಡ ಮತ್ಸುಶಿತಾ, ಐದೇ ವರ್ಷದಲ್ಲಿ ಬಹುಪಾಲನ್ನು ಸೀಗ್ರಾಮ್ ಎಂಬ ಮದ್ಯದ ಕಂಪನಿಗೆ ಮಾರಿ ಕೈತೊಳೆದುಕೊಂಡಿತು. ಸೋನಿ ಮಾರಲಿಲ್ಲ. ಅದು ದೂರದೃಷ್ಟಿಯೋ ಹಟವೋ ಎಂದು ಆಗ ಹೇಳುವವರು ಯಾರೂ ಇರಲಿಲ್ಲ. ಎರಡೂ ಇದ್ದಿರಬೇಕೆಂದು ನಮ್ಮ ಅನಿಸಿಕೆ.

ಪ್ರಶ್ನೆ: ವಾಕ್‌ಮನ್ ಕೊಟ್ಟ ಕಂಪನಿಯೇ ಐಪಾಡನ್ನು ಏಕೆ ಕೊಡಲಿಲ್ಲ? ಹಾಡಿನ ಕಂಪನಿಯೂ ಅದರ ಕೈಯಲ್ಲೇ ಇತ್ತಲ್ಲವೇ?
— ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಉತ್ತರ ನಿಮ್ಮ ಎರಡನೆಯ ವಾಕ್ಯದಲ್ಲೇ ಇದೆ. ಹಾಡಿನ ಕಂಪನಿ ಕೈಯಲ್ಲಿದ್ದುದೇ ಅಡ್ಡಿಯಾಯಿತು.

1979ರ ಜುಲೈನಲ್ಲಿ 33,000 ಯೆನ್ ಬೆಲೆಗೆ ಬಂದ ವಾಕ್‌ಮನ್ನು ನಡೆಯುತ್ತ ಹಾಡು ಕೇಳುವ ಅಭ್ಯಾಸವನ್ನೇ ಹುಟ್ಟುಹಾಕಿತು. ಕ್ಯಾಸೆಟ್ಟು ಹೋಗಿ ಕಂಪ್ಯೂಟರ್ ಕಡತದ ಕಾಲ ಬಂದಾಗ ಸೋನಿ ಮಲಗಿರಲಿಲ್ಲ. ಐಪಾಡಿಗಿಂತ ಎರಡು ವರ್ಷ ಮೊದಲು, 1999ರಲ್ಲೇ, ಮೆಮೊರಿ ಸ್ಟಿಕ್ ಬಳಸುವ ವಾಕ್‌ಮನ್ ಸಿದ್ಧವಾಗಿತ್ತು. ಆದರೆ ಅದೇ ಸಮಯಕ್ಕೆ ಕಂಪ್ಯೂಟರ್ ವಿಭಾಗದವರು ಮ್ಯೂಸಿಕ್ ಕ್ಲಿಪ್ ಎಂಬ ತಮ್ಮದೇ ಬೇರೆ ಉಪಕರಣವನ್ನು ಹಿಡಿದು ಬಂದರು. ಒಂದೇ ಕಂಪನಿಯ ಎರಡು ವಿಭಾಗಗಳು ಒಂದೇ ಗಿರಾಕಿಗೆ ಎರಡು ಬೇರೆ ಬೇರೆ ಸಾಧನಗಳನ್ನು ತೋರಿಸಿದವು. ಜೊತೆಗೆ ಸಂಗೀತ ವಿಭಾಗದವರಿಗೆ ನಕಲಿನ ಭಯ. ಜನರ ಕಂಪ್ಯೂಟರಿನಲ್ಲಿ ಆಗಲೇ ತುಂಬಿದ್ದ ಎಂಪಿ3 ಕಡತಗಳನ್ನು ಸೋನಿಯ ಉಪಕರಣ ನೇರವಾಗಿ ನುಡಿಸುತ್ತಿರಲಿಲ್ಲ. ಎಟ್ರಾಕ್ ಎಂಬ ಸ್ವಂತ ರೂಪಕ್ಕೆ ಪರಿವರ್ತಿಸಿ, ಬೀಗಮುದ್ರೆ ಹಾಕಿದ ತಂತ್ರಾಂಶದ ಮೂಲಕವೇ ತುಂಬಿಸಬೇಕಿತ್ತು. ಗಿರಾಕಿಯ ಅನುಕೂಲ ನೋಡಿದರೆ ಸಂಗೀತದವರು ಮುನಿಸಿಕೊಳ್ಳುತ್ತಾರೆ, ಸಂಗೀತದವರ ಮಾತು ಕೇಳಿದರೆ ಗಿರಾಕಿ ಎದ್ದು ಹೋಗುತ್ತಾನೆ. ಎಂಜಿನಿಯರುಗಳದು ಅತ್ತ ದರಿ, ಇತ್ತ ಪುಲಿ ಎಂಬ ಪರಿಸ್ಥಿತಿ.

ಆ್ಯಪಲ್ ಬಳಿ ಹಾಡಿನ ಕಂಪನಿ ಇರಲಿಲ್ಲವಾದ್ದರಿಂದ ಕಾಯಬೇಕಾದ ಆಸ್ತಿಯೂ ಇರಲಿಲ್ಲ. 2001ರ ಅಕ್ಟೋಬರಿನಲ್ಲಿ ಐಪಾಡ್ ಬಂತು. 2003ರ ಏಪ್ರಿಲಿನಲ್ಲಿ ಐಟ್ಯೂನ್ಸ್ ಅಂಗಡಿ ತೆರೆದಾಗ, ದೊಡ್ಡ ಧ್ವನಿಮುದ್ರಿಕೆ ಕಂಪನಿಗಳೆಲ್ಲ ಅಲ್ಲಿ ತಮ್ಮ ಹಾಡುಗಳನ್ನು ಮಾರಾಟಕ್ಕಿಟ್ಟವು. ಸೋನಿಯ ಸಂಗೀತ ಕಂಪನಿಯೂ ಅವುಗಳಲ್ಲೊಂದು! ವಾಕ್‌ಮನ್ನು ಎಂಪಿ3ಯನ್ನು ನೇರವಾಗಿ ನುಡಿಸಲು ಕಲಿತದ್ದು 2004ರ ಕೊನೆಗೆ. ನಕಲಿನ ಭಯ ಯಾವ ಮಟ್ಟ ಮುಟ್ಟಿತ್ತೆಂದರೆ, 2005ರಲ್ಲಿ ಸೋನಿಯ ಪಾಲುದಾರಿಕೆಯ ಸಂಗೀತ ಕಂಪನಿಯಾದ ಸೋನಿ ಬಿಎಂಜಿ ಮಾರಿದ ಕೆಲವು ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿದರೆ ಬಳಕೆದಾರನಿಗೆ ತಿಳಿಯದಂತೆ ಅಡಗಿ ಕೂರುವ ತಂತ್ರಾಂಶವೊಂದು ಒಳಗೆ ಸೇರಿಕೊಳ್ಳುತ್ತಿತ್ತು. ಅದು ಬಯಲಾಗಿ ಆ ಸಿಡಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ದುಡ್ಡು ಕೊಟ್ಟು ಕೊಂಡ ಪ್ರಾಮಾಣಿಕ ಗಿರಾಕಿಯನ್ನೇ ಕಳ್ಳನಂತೆ ಕಂಡ ಈ ಪ್ರಕರಣಕ್ಕೆ ಯಾವ ಸಮರ್ಥನೆಯೂ ನಮಗೆ ಕಾಣುವುದಿಲ್ಲ.

ಪ್ರಶ್ನೆ: ಹಾಗಾದರೆ ಯಂತ್ರ ಮತ್ತು ಮನರಂಜನೆಯ ಮದುವೆ ಪೂರ್ತಿ ವಿಫಲವೇ?
— ಮಂಗಳೂರಿನ ಓದುಗರು

ಉತ್ತರ: ಪೂರ್ತಿ ಅಲ್ಲ. ಯೋಜಿಸಿದ ಕಡೆ ಹೆಚ್ಚಾಗಿ ಸೋತು, ಯಾರೂ ಎಣಿಸದ ಕಡೆ ಗೆದ್ದಿತು. ಪ್ಲೇಸ್ಟೇಷನ್ ಎಂಬ ವಿಡಿಯೊ ಆಟದ ಯಂತ್ರವನ್ನೇ ನೋಡಿ. ನಿಂಟೆಂಡೊ ಕಂಪನಿಯ ಆಟದ ಯಂತ್ರಕ್ಕೆ ಸಿಡಿ ಜೋಡಿಸುವ ಒಪ್ಪಂದದಂತೆ ಸೋನಿ ದುಡಿಯುತ್ತಿದ್ದಾಗ, 1991ರಲ್ಲಿ ನಿಂಟೆಂಡೊ ಸಂಸ್ಥೆಯು ಬಹಿರಂಗವಾಗಿಯೇ ಫಿಲಿಪ್ಸ್ ಕಡೆಗೆ ವಾಲಿತು. ಕೆನ್ ಕುಟರಾಗಿ ಎಂಬ ಹಟವಾದಿ ಎಂಜಿನಿಯರ್ ಆ ಅವಮಾನವನ್ನೇ ಬಂಡವಾಳ ಮಾಡಿಕೊಂಡು, ಆಟಿಕೆಯ ವ್ಯಾಪಾರ ನಮಗೇಕೆ ಎಂದು ಮೂಗುಮುರಿದವರ ನಡುವೆಯೂ ಆಗ ಸೋನಿಯ ಅಧ್ಯಕ್ಷರಾಗಿದ್ದ ಓಗಾ ಅವರ ಬೆಂಬಲ ಗಿಟ್ಟಿಸಿದರು. 1993ರಲ್ಲಿ ಸ್ಥಾಪನೆಯಾದ ಆಟದ ಕಂಪನಿಗೆ ಜಪಾನಿನ ಸೋನಿ ಮ್ಯೂಸಿಕ್ ಪಾಲುದಾರ. ಡಿಸ್ಕನ್ನು ಅಗ್ಗವಾಗಿ ಅಚ್ಚು ಹಾಕುವುದು, ಬೇಡಿಕೆ ಬಂದ ಕೂಡಲೇ ಮತ್ತಷ್ಟು ಒದಗಿಸುವುದು, ಕಲಾವಿದರನ್ನು ಬೆಳೆಸಿದಂತೆ ಆಟ ರಚಿಸುವವರನ್ನು ಬೆಳೆಸುವುದು, ಇವೆಲ್ಲ ಸಂಗೀತದವರಿಗೆ ಗೊತ್ತಿದ್ದ ವಿದ್ಯೆ. 1994ರ ಡಿಸೆಂಬರಿನಲ್ಲಿ ಬಂದ ಮೊದಲ ಪ್ಲೇಸ್ಟೇಷನ್ 10 ಕೋಟಿಗೂ ಹೆಚ್ಚು, 2000ದಲ್ಲಿ ಬಂದ ಎರಡನೆಯದು 15 ಕೋಟಿಗೂ ಹೆಚ್ಚು ಮಾರಾಟವಾದವು. ಸಿನಿಮಾ ನೋಡಲು ಸೋನಿ ಮುಂದಿಟ್ಟ ಬ್ಲೂ-ರೇ ಡಿಸ್ಕು ತೋಷಿಬಾದ ಪ್ರತಿಸ್ಪರ್ಧಿ ಡಿಸ್ಕನ್ನು 2008ರಲ್ಲಿ ಸೋಲಿಸಿದಾಗಲೂ ಮೂರನೆಯ ಪ್ಲೇಸ್ಟೇಷನ್ ಮತ್ತು ಸ್ವಂತ ಚಿತ್ರಸಂಸ್ಥೆ ಎರಡೂ ನೆರವಾದವು. ಆದರೆ ಅಷ್ಟರಲ್ಲಿ ಜನ ಡಿಸ್ಕು ಕೊಳ್ಳುವುದನ್ನೇ ಕಡಿಮೆ ಮಾಡತೊಡಗಿದ್ದರು.

ಪ್ರಶ್ನೆ: ನಮ್ಮ ಟಿವಿಯಲ್ಲಿ ಬರುವ ಸೋನಿ ವಾಹಿನಿ ಇದೇ ಕಂಪನಿಯದೇ? ಕನ್ನಡದಲ್ಲಿ ಏಕಿಲ್ಲ?
— ಬೆಂಗಳೂರಿನ ಓದುಗರು

ಉತ್ತರ: ಇದೇ ಕಂಪನಿಯದು. ಹಿಂದಿ ವಾಹಿನಿ 1995ರಲ್ಲಿ ಆರಂಭವಾಯಿತು. ಕನ್ನಡದ ಮಟ್ಟಿಗೆ, ಜೀ ಜೊತೆಗಿನ ವಿಲೀನಕ್ಕೆ 2021ರ ಡಿಸೆಂಬರಿನಲ್ಲಿ ಸಹಿ ಬಿದ್ದಾಗ ಜೀ ಕನ್ನಡವೂ ಅದೇ ಗುಂಪಿಗೆ ಸೇರುವ ಸಂಭವವಿತ್ತು. 2024ರ ಜನವರಿಯಲ್ಲಿ ಸೋನಿಯೇ ಒಪ್ಪಂದವನ್ನು ರದ್ದುಗೊಳಿಸಿತು. ನಿಮ್ಮ ಊರಿನಲ್ಲಿರುವ ಸೋನಿಯ ತಂತ್ರಾಂಶ ಕೇಂದ್ರಕ್ಕೂ ವಾಹಿನಿಗೂ ಸಂಬಂಧವಿಲ್ಲ. ಅದು ಉಪಕರಣಗಳ ಕಡೆಯ ಕೆಲಸ.

ಪ್ರಶ್ನೆ: ಅಂಗಡಿಗಳಲ್ಲಿ ಈಗ ಕೊರಿಯಾ, ಚೀನಾದ ಟಿವಿಗಳೇ ಹೆಚ್ಚು. ಸೋನಿ ಮುಳುಗುತ್ತಿದೆಯೇ?
— ಹುಬ್ಬಳ್ಳಿಯ ಟಿವಿ ವ್ಯಾಪಾರಿ

ಉತ್ತರ: ಮುಳುಗುವ ಹಂತಕ್ಕೆ ಒಮ್ಮೆ ಬಂದಿತ್ತು. ಅದರ ಟಿವಿ ವಿಭಾಗ ಸತತ ಹತ್ತು ವರ್ಷ ನಷ್ಟದಲ್ಲಿ ನಡೆಯಿತು. 2012ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಇಡೀ ಸಂಸ್ಥೆಯ ನಷ್ಟ 45,000 ಕೋಟಿ ಯೆನ್ ದಾಟಿತ್ತು. ಆ ಬಳಿಕ ಮುಖ್ಯಸ್ಥರಾಗಿ ಬಂದ ಕಜುವೊ ಹಿರಾಯ್ ಅವರು 2014ರಲ್ಲಿ ವಾಯೊ ಕಂಪ್ಯೂಟರ್ ವ್ಯಾಪಾರವನ್ನು ಮಾರಿ, ಟಿವಿಯನ್ನು ಪ್ರತ್ಯೇಕ ಕಂಪನಿಯಾಗಿಸಿ, ಸಂಖ್ಯೆಯ ಬೆನ್ನು ಹತ್ತುವುದನ್ನು ಬಿಟ್ಟು ದುಬಾರಿ ಮಾದರಿಗಳಿಗೆ ಒತ್ತು ಕೊಟ್ಟರು. ನಿಮ್ಮ ಅಂಗಡಿಯಲ್ಲಿ ಅವು ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ.

ಇಂದು ಸೋನಿಯ ವಹಿವಾಟಿನಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಆಟ, ಸಂಗೀತ ಮತ್ತು ಸಿನಿಮಾದಿಂದ ಬರುತ್ತದೆ. ಉಳಿದುದರಲ್ಲಿ ದೊಡ್ಡ ಬಲವೆಂದರೆ ಕಣ್ಣಿಗೆ ಕಾಣದ ಒಂದು ಬಿಡಿಭಾಗ: ಮೊಬೈಲ್ ಕ್ಯಾಮೆರಾದೊಳಗೆ ಬೆಳಕನ್ನು ಚಿತ್ರವಾಗಿಸುವ ಸಂವೇದಕ ಚಿಪ್ಪು. ಆ ಮಾರುಕಟ್ಟೆಯ ಮೌಲ್ಯದಲ್ಲಿ ಹೆಚ್ಚುಕಡಿಮೆ ಅರ್ಧ ಸೋನಿಯದು. ಐಫೋನಿನ ಕ್ಯಾಮೆರಾಗಳಿಗೆ ಸಂವೇದಕ ಒದಗಿಸುವುದು ಸೋನಿಯೇ ಎಂದು ಆ್ಯಪಲ್ಲಿನ ಮುಖ್ಯಸ್ಥ ಟಿಮ್ ಕುಕ್ 2022ರಲ್ಲಿ ಕುಮಾಮೊಟೊದ ಕಾರ್ಖಾನೆಗೆ ಬಂದಾಗ ಬಹಿರಂಗವಾಗಿ ತಿಳಿಸಿದರು. ಸಿನಿಮಾದಲ್ಲೂ ಈಗಿನ ನೀತಿ ಹಳೆಯದಕ್ಕೆ ತಿರುಗುಮುರುಗು. ಡಿಸ್ನಿ, ವಾರ್ನರ್ ಸಂಸ್ಥೆಗಳು ಇಂಟರ್ನೆಟ್ಟಿನಲ್ಲಿ ಸಿನಿಮಾ ತೋರಿಸುವ ಸ್ವಂತ ಜಾಲವಾಹಿನಿ ಕಟ್ಟಲು ಹಣ ಸುರಿಯುತ್ತಿದ್ದಾಗ ಸೋನಿ ಅಮೆರಿಕದಲ್ಲಿ ಅಂಥ ಸರ್ವವಿಷಯದ ವೇದಿಕೆ ಕಟ್ಟಲು ಹೋಗಲಿಲ್ಲ. ಅನಿಮೆ ಎಂಬ ಜಪಾನಿನ ಅನಿಮೇಷನ್ ಚಿತ್ರಗಳಿಗೆ ಮೀಸಲಾದ ಕ್ರಂಚಿರೋಲ್ ಜಾಲವಾಹಿನಿಯನ್ನು 2021ರಲ್ಲಿ ಕೊಂಡಿತು, ತನ್ನ ಚಲನಚಿತ್ರಗಳನ್ನು ನೆಟ್‌ಫ್ಲಿಕ್ಸ್‌ನಂಥವರಿಗೆ ಮಾರಿತು. ಆ ಚಿತ್ರಗಳನ್ನು ಗಿರಾಕಿ ಯಾವ ಕಂಪನಿಯ ಟಿವಿಯಲ್ಲಿ ನೋಡುತ್ತಾನೆ ಎಂಬುದು ಅದರ ಸಿನಿಮಾ ವಿಭಾಗಕ್ಕೆ ಈಗ ಸಂಬಂಧಪಟ್ಟ ವಿಷಯವಲ್ಲ.