'ದಿ ವಾಲ್'ನಲ್ಲಿ ಇಷ್ಟೊಂದು ಬಗೆಯ ಸಂಗೀತ ಯಾಕೆ?

ಪ್ರಿಯ ಓದುಗರೇ,

ಹಳೆಯ ರಾಕ್ ಆಲ್ಬಂಗಳ ಬಗ್ಗೆ ನಮ್ಮ ಲೇಖನ ಓದಿ, ಪಿಂಕ್ ಫ್ಲಾಯ್ಡ್ ತಂಡದ 'ದಿ ವಾಲ್' ಅನ್ನು ಮೊದಲ ಸಲ ಪೂರ್ತಿ ಕೇಳಿದೆ ಅಂತ ಬರೆದಿದ್ದೀರಿ. ಒಂದು ಕಡೆ ಡಿಸ್ಕೋ, ಇನ್ನೊಂದು ಕಡೆ ಆರ್ಕೆಸ್ಟ್ರಾ, ಮತ್ತೊಂದು ಕಡೆ ಬರೀ ಗಿಟಾರ್. 'ಒಂದೇ ಕತೆ ಅಂತೀರಿ, ನಾಲ್ಕು ತಂಡಗಳ ಹಾಡು ಸೇರಿಸಿದ ಹಾಗಿದೆಯಲ್ಲ?' ಅನ್ನೋದು ನಿಮ್ಮ ತಕರಾರು.

ಕತೆ ಒಬ್ಬನದೇ. ಆದರೆ ಅವನ ತಲೆಯೊಳಗೆ ಬಹಳ ಜನ ಇದ್ದಾರೆ. ಅವರಲ್ಲಿ ಒಬ್ಬೊಬ್ಬರದೂ ಒಂದೊಂದು ಸಂಗೀತ.

1979ರ ನವೆಂಬರ್‌ನಲ್ಲಿ ಬಂದ ಈ ಜೋಡಿ ಎಲ್‌ಪಿಯಲ್ಲಿ (ಎರಡು ರೆಕಾರ್ಡು, ನಾಲ್ಕು ಬದಿ) 26 ಹಾಡುಗಳಿವೆ. ನಾಯಕ ಪಿಂಕ್ ಎಂಬ ರಾಕ್ ಗಾಯಕ. ಅಪ್ಪ ಯುದ್ಧದಲ್ಲಿ ಸತ್ತಿದ್ದಾನೆ, ಅಮ್ಮ ಸೆರಗು ಬಿಟ್ಟು ಆಚೆ ಹೋಗಲು ಬಿಡುವುದಿಲ್ಲ, ಮೇಷ್ಟ್ರು ಹಂಗಿಸುತ್ತಾರೆ. ಒಂದೊಂದು ನೋವಿಗೂ ಅವನು ತನ್ನ ಸುತ್ತ ಒಂದೊಂದು ಇಟ್ಟಿಗೆ ಇಡುತ್ತಾನೆ, ಅದೇ ಹೆಸರಿನಲ್ಲಿರುವ ಗೋಡೆ. ಇದನ್ನು ಬರೆದ, ತಂಡದ ಬಾಸ್ ವಾದಕ ಹಾಗೂ ಗಾಯಕ ರೋಜರ್ ವಾಟರ್ಸ್ ಅವರ ಅಪ್ಪನೂ 1944ರಲ್ಲಿ ಇಟಲಿಯ ಆಂಜಿಯೋ ಕಾಳಗದಲ್ಲಿ ಸತ್ತವರು. 'ಬ್ರಿಂಗ್ ದ ಬಾಯ್ಸ್ ಬ್ಯಾಕ್ ಹೋಮ್'ನಲ್ಲಿ ಸೈನ್ಯದ ಡ್ರಮ್ಮು ಸುಮ್ನೆ ಬಂದಿಲ್ಲ.

ಇನ್ನು ಡಿಸ್ಕೋ. 'ಅನದರ್ ಬ್ರಿಕ್ ಇನ್ ದ ವಾಲ್' ಎರಡನೇ ಭಾಗಕ್ಕೆ ಆ ತಾಳ ತಂದವರು ನಿರ್ಮಾಪಕ ಬಾಬ್ ಎಜ್ರಿನ್. ಹಾಡಿಗೆ ಇದ್ದದ್ದು ಒಂದೇ ಚರಣ. ಅದನ್ನೇ ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ ಮಕ್ಕಳಿಂದ ಮತ್ತೆ ಹಾಡಿಸಿದರು. ಎಲ್ಲರೂ ಒಂದೇ ಹೆಜ್ಜೆ ಹಾಕಬೇಕಾದ ಶಾಲೆಗೆ, ಚೂರೂ ಬಗ್ಗದ ಆ ತಾಳಕ್ಕಿಂತ ಸರಿಯಾದದ್ದು ಬೇರೆ ಯಾವುದಿತ್ತು ಹೇಳಿ? 'ಮದರ್' ಇದಕ್ಕೆ ಪೂರ್ತಿ ಉಲ್ಟಾ. ತೊಡೆ ತಟ್ಟಿಕೊಂಡು ಕೇಳಿ, ನಡುನಡುವೆ ಕೈ ತಪ್ಪುತ್ತದೆ, ಎಣಿಕೆ ಅಷ್ಟು ಬದಲಾಗುತ್ತಿರುತ್ತದೆ. ತಂಡದ ಡ್ರಮ್ಮರ್ ನಿಕ್ ಮೇಸನ್‌ಗೇ ಅದು ಕಷ್ಟವಾಗಿ, ಹೊರಗಿನ ಡ್ರಮ್ಮರ್ ಜೆಫ್ ಪೊರ್ಕಾರೊ ಅವರು ನುಡಿಸಿದರು. ಮೇಲೆ ಜೋಗುಳದಂಥ ಹಾಡು, ಕೆಳಗೆ ನಿಲ್ಲಲು ನೆಲವಿಲ್ಲ. ಆ ಅಮ್ಮನೂ ಹಾಗೇ ಅಲ್ವಾ?

ನನಗೆ ಜಾಸ್ತಿ ಇಷ್ಟ 'ಕಂಫರ್ಟಬ್ಲಿ ನಂಬ್'. ಚರಣದಲ್ಲಿ ಪಿಂಕ್‌ಗೆ ಸೂಜಿ ಚುಚ್ಚಲು ಬಂದ ಡಾಕ್ಟರ್ ಮಾತಾಡುತ್ತಾನೆ, ಅದು ವಾಟರ್ಸ್ ದನಿ, ಮೈನರ್ ಸ್ವರಗಳು, ಅಂದರೆ ಮಂಕು ಛಾಯೆಯವು. ಪಲ್ಲವಿಯಲ್ಲಿ ಮಂಪರು ಹತ್ತಿದ ಪಿಂಕ್, ಅದು ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ದನಿ, ಮೇಜರ್ ಸ್ವರಗಳು, ಅಂದರೆ ಗೆಲುವಿನ ಛಾಯೆಯವು. ಸೂಜಿ ಹಿಡಿದವನ ಕಡೆ ಕತ್ತಲು, ಚುಚ್ಚಿಸಿಕೊಂಡವನ ಕಡೆ ಬೆಳಕು! ಇಬ್ಬರೂ ಒಂದೇ ಕೋಣೆಯಲ್ಲಿದ್ದಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುವುದಿಲ್ಲ. ಕೊನೆಯ ಗಿಟಾರ್ ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಬಿಟ್ಟುಬಿಡುತ್ತೇನೆ.

ಹಾಗಾದರೆ ಇದನ್ನೆಲ್ಲ ಹಿಡಿದಿಟ್ಟಿರುವುದು ಏನು? 'ಅನದರ್ ಬ್ರಿಕ್'ನ ಪುಟ್ಟ ರಾಗ. ಅದು ಮೂರು ಭಾಗಗಳಾಗಿ ಬರುವುದಷ್ಟೇ ಅಲ್ಲ, 'ಹೇ ಯೂ' ಹಾಡಿನ ಗಿಟಾರ್‌ನಲ್ಲೂ ಇಣುಕುತ್ತದೆ. 'ವೇಟಿಂಗ್ ಫಾರ್ ದ ವರ್ಮ್ಸ್' ಕೊನೆಗೆ ಜನರ ಕೂಗಿನ ಅಡಿಯಲ್ಲೂ ಅದೇ.

ಪಿಂಕ್‌ನ ತಲೆಯೊಳಗೇ ನಡೆಯುವ ವಿಚಾರಣೆಯ ಹಾಡು 'ದಿ ಟ್ರಯಲ್' ಅತಿಯಾಯಿತು ಅಂದಿರಿ. ಒಪ್ಪಿದೆ. ಆರ್ಕೆಸ್ಟ್ರಾ ಜೊತೆ ಮೇಷ್ಟ್ರು, ಹೆಂಡತಿ, ಅಮ್ಮ, ಜಡ್ಜು ಎಲ್ಲರ ದನಿಯನ್ನೂ ವಾಟರ್ಸ್ ಒಬ್ಬರೇ ಹಾಡುತ್ತಾರೆ. ಉಪಾಯ ಚೆನ್ನಾಗಿದೆ, ಕೇಳಲು ಸುಸ್ತು.

ಇನ್ನೊಮ್ಮೆ ಕೇಳುವುದಾದರೆ ಮೂರನೇ ಬದಿಯಿಂದ, ಅಂದರೆ 'ಹೇ ಯೂ'ನಿಂದ ಶುರು ಮಾಡಿ. ಫೋನಿನಲ್ಲಾದರೆ ಶಫಲ್ ಆಫ್ ಮಾಡಿ. ಆಲ್ಬಂ ಮುಗಿಯುವಾಗ ಅರ್ಧಕ್ಕೆ ನಿಲ್ಲುವ ಮಾತಿನ ಉಳಿದರ್ಧ ಇರುವುದು ಮೊದಲ ಹಾಡಿನ ಆರಂಭದಲ್ಲಿ.

– ಸಂಪಾದಕ