ಪಾಚಿಗಟ್ಟಿದ ಅಳಿವೆ ಮತ್ತೆ ತಿಳಿಯಾಗುತ್ತದಾ?

ಪ್ರಶ್ನೆ: ಬೆಳಗಾವಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಕೊಳಚೆ, ಗೊಬ್ಬರ ಸೇರಿ ಹಸಿರುಗಟ್ಟಿದ ನದೀಮುಖಗಳು ಕೊಳಚೆ ನಿಲ್ಲಿಸಿದರೆ ತಾವಾಗಿಯೇ ಸರಿಹೋಗುತ್ತವೆ ಅಂತ ಸೆಮಿನಾರಿನಲ್ಲಿ ಹೇಳಿದೆ. ಗೆಳತಿ ಒಪ್ಪಲಿಲ್ಲ, ಒಮ್ಮೆ ಕೆಟ್ಟರೆ ಮುಗೀತು ಅಂದಳು. ಯಾರದು ಸರಿ ಸರ್?
- ಓದುಗರು, ಖಾನಾಪುರ

ಉತ್ತರ: ನಿಮ್ಮದೇ ಸರಿ. ಆದರೆ 'ತಾವಾಗಿಯೇ' ಅನ್ನುವುದನ್ನು ಹೊಡೆದುಹಾಕಿ 'ತಡವಾಗಿ' ಅಂತ ಬರೆದುಕೊಳ್ಳಿ.

ಸಿಹಿನೀರು ಉಪ್ಪುನೀರು ಬೆರೆಯುವ ಜಾಗಕ್ಕೆ ಕರಾವಳಿಯವರು ಅಳಿವೆ ಅನ್ನುತ್ತಾರೆ. ಘಟ್ಟದ ಮೇಲಿನ ನಮಗೆ ಅದರ ಉಸಾಬರಿ ಯಾಕೆ ಅಂತೀರಾ? ನಿಮ್ಮ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಗೋವಾಕ್ಕೆ ಇಳಿದು, ಮಾಂಡವಿ ಅನಿಸಿಕೊಂಡು, ಪಣಜಿ ಹತ್ತಿರ ಕಡಲು ಸೇರುವುದು.

ಕೊಳಚೆಯಲ್ಲೂ ಗೊಬ್ಬರದಲ್ಲೂ ಸಾರಜನಕ, ರಂಜಕ ಇರುತ್ತವೆ. ಇವು ಗಿಡಕ್ಕೆ ಊಟ. ಅಳಿವೆಗೆ ಈ ಊಟ ಅತಿಯಾದರೆ ಮೊದಲು ಕೊಬ್ಬುವುದು ಪಾಚಿ. ನೀರು ಹಸಿರಾಗುತ್ತದೆ, ಬಿಸಿಲು ತಳ ಮುಟ್ಟುವುದಿಲ್ಲ, ತಳದಲ್ಲಿ ಬೆಳೆಯುವ ಕಡಲಹುಲ್ಲು ಸಾಯುತ್ತದೆ. ಪಾಚಿಯೂ ಸತ್ತು ಕೆಳಗೆ ಬಿದ್ದು ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ, ಮೀನು ಏಡಿಗಳಿಗೆ ಉಸಿರಿಗೂ ಗತಿ ಇಲ್ಲ.

ನಿಜವಾದ ತೊಡಕು ಇರುವುದು ಕೆಸರಿನಲ್ಲಿ. ಹೋದ ಬೇಸಿಗೆಯಲ್ಲಿ ನೆಂಟರ ಹೊಲದ ಕೃಷಿಹೊಂಡ ಹಸಿರುಗಟ್ಟಿತ್ತು. ಸುಮ್ನೆ ಒಂದು ಜಾಲಿ ಕೋಲು ಇಳಿಬಿಟ್ಟು ತಳ ಕೆದಕಿದೆ. ಬುಳುಬುಳು ಗುಳ್ಳೆ ಎದ್ದವು, ಕೊಳೆತ ಮೊಟ್ಟೆ ವಾಸನೆ ಮೂಗಿಗೆ ಬಡಿಯಿತು, ಕೋಲಿನ ತುದಿಗೆ ಹತ್ತಿದ ಕೆಸರು ಕಾಡಿಗೆ ಬಣ್ಣ. ತಳಕ್ಕೆ ಗಾಳಿ ಇಲ್ಲದಿದ್ದಾಗ ಹೀಗಾಗುತ್ತದೆ. ಗಾಳಿ ಇರುವವರೆಗೆ ಕೆಸರಿನ ಕಬ್ಬಿಣದ ಅಂಶ ರಂಜಕವನ್ನು ಹಿಡಿದಿಟ್ಟುಕೊಂಡಿರುತ್ತದೆ. ಗಾಳಿ ಹೋದರೆ ಆ ಹಿಡಿತ ಸಡಿಲಿ, ರಂಜಕ ಮತ್ತೆ ನೀರಿಗೆ ಬಂದು ಪಾಚಿಗೆ ಊಟವಾಗುತ್ತದೆ. ಹೊರಗಿನ ಮೋರಿ ಮುಚ್ಚಿದರೂ ಒಳಗಿನದು ಹರಿಯುತ್ತಲೇ ಇದ್ದಂತೆ! ಹಳೇ ದಾಸ್ತಾನು ಕರಗಲು ವರ್ಷಗಟ್ಟಲೆ ಬೇಕು. ಸಾರಜನಕದ ಕಥೆ ಸ್ವಲ್ಪ ವಾಸಿ. ಕೆಸರಿನ ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದಷ್ಟನ್ನು ಅನಿಲ ಮಾಡಿ ಗಾಳಿಗೆ ಕಳಿಸುತ್ತವೆ.

ಚೇತರಿಸಿಕೊಂಡ ಅಳಿವೆ ತೋರಿಸಿ ಅಂದರೆ ನಾನು ಅಮೆರಿಕದ ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯನ್ನು ತೋರಿಸುತ್ತೇನೆ. ಸರಾಸರಿ ಆಳ 12 ಅಡಿ ಆಸುಪಾಸು, ನಮ್ಮ ಕಡೆ ಬಾವಿಗಳೇ ಇದಕ್ಕಿಂತ ಆಳ. 1950ರಲ್ಲಿ ಅಲ್ಲಿ ಸುಮಾರು 40,000 ಎಕರೆ ಕಡಲಹುಲ್ಲು ಇತ್ತು. 1982ರ ಹೊತ್ತಿಗೆ ಉಳಿದದ್ದು 22,000 ಎಕರೆಯಷ್ಟು. ಅಷ್ಟರಲ್ಲಿ, 1970ರ ದಶಕದ ಕೊನೆಗೆ, ಕೊಳಚೆ ಶುದ್ಧೀಕರಣ ಘಟಕವನ್ನು ಸಾರಜನಕವೂ ಹೋಗುವ ಹಾಗೆ ಸುಧಾರಿಸಿದ್ದರು. ಆಮೇಲೆ ಕಾರ್ಖಾನೆ, ರಸ್ತೆ ನೀರು, ತೋಟದ ಗೊಬ್ಬರದ ಮೇಲೂ ಕಣ್ಣಿಟ್ಟರು. ಮೊದಲು ನೀರು ತಿಳಿಯಾಯಿತು, ಬಿಸಿಲು ತಳಕ್ಕೆ ಇಳಿಯಿತು, ಹುಲ್ಲು ನಿಧಾನಕ್ಕೆ ಹಬ್ಬಿತು. ಮತ್ತೆ 40,000 ಎಕರೆ ದಾಟಲು 2010ರ ದಶಕದ ಮಧ್ಯದವರೆಗೆ ಕಾಯಬೇಕಾಯಿತು. ಮೂರು ದಶಕಕ್ಕೂ ಜಾಸ್ತಿ!

ಅಲ್ಲಿಗೆ ಸುಖಾಂತ್ಯ ಅಂದುಕೊಂಡರೆ ಅದೂ ಅಲ್ಲ. 2016ರ ನಂತರ ಹುಲ್ಲು ಮತ್ತೆ ಇಳಿಯಿತು, 2022ಕ್ಕೆ ಸುಮಾರು 30,000 ಎಕರೆಗೆ ಬಂತು. ನಡುವೆ 2021ರಲ್ಲಿ ಮುಚ್ಚಿಹೋದ ಗೊಬ್ಬರ ಕಾರ್ಖಾನೆಯೊಂದರ ಹೊಂಡ ಸೋರಿ, ಒಡೆಯುವ ಭಯದಿಂದ ಸುಮಾರು 80 ಕೋಟಿ ಲೀಟರ್ ನೀರನ್ನು ಕೊಲ್ಲಿಗೇ ಬಿಟ್ಟಿದ್ದರು. ಗೆಳತಿಯ ಅನುಮಾನಕ್ಕೂ ಅರ್ಥವಿದೆ, ಅಲ್ವಾ?

ಇನ್ನೊಂದು ಮಾತು. ಎಲ್ಲ ಅಳಿವೆಗಳೂ ಒಂದೇ ವೇಗದಲ್ಲಿ ಸುಧಾರಿಸುವುದಿಲ್ಲ, ನೀರು ಎಷ್ಟು ದಿನ ಒಳಗೇ ನಿಲ್ಲುತ್ತದೆ ಅನ್ನುವುದು ಮುಖ್ಯ. ನಮ್ಮ ಪಶ್ಚಿಮ ಕರಾವಳಿಯ ಅಳಿವೆಗಳನ್ನು ಮಳೆಗಾಲದ ಹೊಳೆಯೇ ವರ್ಷಕ್ಕೊಮ್ಮೆ ತೊಳೆದು ಬಿಡುತ್ತದೆ. ಬೇಸಿಗೆಯಲ್ಲಿ ಹೊಳೆ ಸಣ್ಣದಾಗಿ ಭರತದ ಉಪ್ಪುನೀರು ಒಳಗೆ ಏರುತ್ತದೆ, ಆಗ ಬಿದ್ದ ಕೊಳಚೆ ಬೇಗ ಹೊರಹೋಗುವುದಿಲ್ಲ.

ಪ್ರಶ್ನೆ: ನಾನು ಕಬ್ಬು ಬೆಳೆಯುವವನು. ನಾನು ಹಾಕಿದ ಯೂರಿಯಾ ಸಮುದ್ರದವರೆಗೆ ಹೋಗುತ್ತದೆಯೇ?
- ಓದುಗರು, ಮುಧೋಳ

ಉತ್ತರ: ಅಣ್ಣಾವ್ರೆ, 45 ಕಿಲೋ ಚೀಲದಲ್ಲಿ ಸಾರಜನಕ ಇರುವುದು 20 ಕಿಲೋ ಚಿಲ್ಲರೆ. ಅದರಲ್ಲಿ ಎಷ್ಟೋ ಪಾಲು ಕಬ್ಬಿಗೆ ದಕ್ಕದೆ ಗಾಳಿಗೆ, ಅಂತರ್ಜಲಕ್ಕೆ, ಹಳ್ಳಕ್ಕೆ ಹೋಗುತ್ತದೆ. ಹಳ್ಳದ್ದು ಘಟಪ್ರಭೆಗೆ, ಘಟಪ್ರಭೆಯದ್ದು ಕೃಷ್ಣೆಗೆ. ಅಲ್ಲಿಂದ ಬಂಗಾಳ ಕೊಲ್ಲಿ ಮುಟ್ಟುವಷ್ಟರಲ್ಲಿ ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ ದಾಟಬೇಕು. ಪ್ರತಿ ಡ್ಯಾಮಿನಲ್ಲೂ ಒಂದಷ್ಟು ರಂಜಕ ಹೂಳಿನ ಜೊತೆ ಕೂರುತ್ತದೆ, ಸಾರಜನಕವೂ ಸ್ವಲ್ಪ ಕಳೆಯುತ್ತದೆ. ಹಾಗಾಗಿ ನಿಮ್ಮ ಚೀಲದ್ದು ಸ್ವಲ್ಪವೇ ಸಮುದ್ರ ಕಂಡೀತು. ಆದರೆ ಪಾಚಿ ಕಟ್ಟಲು ಸಮುದ್ರವೇ ಬೇಕಿಲ್ಲ, ನಿಂತ ಹಿನ್ನೀರೂ ಸಾಕು. ಮಳೆ ಬರುವ ಲಕ್ಷಣ ಇದ್ದ ದಿನ ಗೊಬ್ಬರ ಎರಚಬೇಡಿ. ಒಮ್ಮೆಗೇ ಸುರಿಯುವ ಬದಲು ಮೂರ್ನಾಲ್ಕು ಕಂತಲ್ಲಿ ಕೊಡಿ. ಡ್ರಿಪ್ ಇದ್ದರೆ ನೀರಿನ ಜೊತೆಗೇ ಬಿಡಿ, ಚೀಲವೂ ಉಳಿಯುತ್ತದೆ.